ಹಿತ್ತಾಳೆಯ ಹಿಂದಿನ ತಗಡು

ಕಾರಟಗಿಯ ಮುಚ್ಚಿದ ಅಕ್ಕಿ ಗಿರಣಿಯೊಂದರ ಹಳೆಯ ಇಂಜಿನ್ನನ್ನು ರಿಪೇರಿ ಮಾಡಿಸಿ ಹೊಸ ಗೋದಾಮಿನ ಮುಂದೆ ನಿಲ್ಲಿಸುತ್ತಾರೆಂದು ತಿಳಿದು ಹೋಗಿದ್ದೆ. ಪತ್ರಿಕೆಗೆ ಒಂದು ಫೋಟೊ, ನಾಲ್ಕು ಸಾಲು ಸಾಕಿತ್ತು. ಮಾಲೀಕರು ಅದನ್ನು ಡೀಸೆಲ್ ಇಂಜಿನ್ ಎಂದರು. ಗಂಗಾವತಿಯಿಂದ ಬಂದಿದ್ದ ಲೇತ್ ಮಿಸ್ತ್ರಿ ಒಪ್ಪಲಿಲ್ಲ. ಇರುವ ಒಂದೇ ಸಿಲಿಂಡರಿಗೆ ಎರಡೂ ತುದಿಯಿಂದ ಹಬೆ ನುಗ್ಗುವ ದಾರಿ ಇತ್ತು. ಡೀಸೆಲ್ ಪಂಪು ಕೂಡಿಸುವ ಜಾಗವೇ ಇರಲಿಲ್ಲ. ಇದು ಭತ್ತದ ಹೊಟ್ಟು ಉರಿಸಿ ಓಡಿಸುತ್ತಿದ್ದ ಹಬೆಯ ಇಂಜಿನ್ ಎಂದ.

ನಾನು ಬರೆಯುವುದನ್ನು ನಿಲ್ಲಿಸಿದೆ. ಅಪ್ಪ ಗಂಗಾವತಿಯ ಗಿರಣಿಯಲ್ಲಿ ಓಡಿಸುತ್ತಿದ್ದುದು ಇಂಥದ್ದೇ. ಕರೆಂಟಿನ ಮೋಟಾರು ಬಂದ ವರ್ಷ ಅದನ್ನು ಮಾರಿದರು. ಯಾರಿಗೆಂದು ಅಪ್ಪನಿಗೂ ಹೇಳಲಿಲ್ಲ. ಆಮೇಲೆ ಅಪ್ಪ ಸ್ವಿಚ್ ಒತ್ತುವ ಕೆಲಸದಲ್ಲಿ ಉಳಿದು, ಅದರಲ್ಲೇ ನಿವೃತ್ತನಾಗಿ ತೀರಿಕೊಂಡ. ಸುದ್ದಿಗೆಂದು ಹೋದ ಪ್ರತಿ ಗಿರಣಿಯಲ್ಲೂ ನಾನು ಆ ಇಂಜಿನ್ ಬಿದ್ದಿದೆಯೇನೋ ಎಂದು ಹಿತ್ತಲು ನೋಡಿ ಬರುತ್ತಿದ್ದೆ.

ಈ ಇಂಜಿನ್ನಿನ ಮೇಲೆ ಕಂಪನಿಯ ಹೆಸರಿನ ಫಲಕ ಇರಲಿಲ್ಲ. ಫಲಕ ಕೂಡಿಸಿದ್ದ ನಾಲ್ಕು ತೂತುಗಳಿದ್ದವು. ಅಪ್ಪನದೇ ಎನ್ನಲು ಆಧಾರವಿಲ್ಲ, ಅಲ್ಲವೆನ್ನಲೂ ಇಲ್ಲ. ಗುರುತಿಸಬಲ್ಲವಳು ಅವ್ವ ಒಬ್ಬಳೇ. ಅವಳು ಅಪ್ಪನ ಇಂಜಿನ್ನನ್ನು ಕಂಡದ್ದಕ್ಕಿಂತ ಕೇಳಿದ್ದೇ ಹೆಚ್ಚು. ನಮ್ಮ ಮನೆ ಗಿರಣಿಯ ಹಿಂದಿನ ಓಣಿಯಲ್ಲಿತ್ತು. ಇಂಜಿನ್ನಿನ ಬಡಿತ ನಿಧಾನವಾಗುತ್ತಿದ್ದಂತೆ ಅವಳು ಒಲೆಯ ಮೇಲೆ ಹಂಚು ಇಡುತ್ತಿದ್ದಳು. ಅಪ್ಪ ಕೈಕಾಲು ತೊಳೆದು ಕೂರುವಾಗ ರೊಟ್ಟಿ ಬಿಸಿಯಾಗಿಯೇ ಇರುತ್ತಿತ್ತು.

ಮಿಸ್ತ್ರಿ ಎರಡು ತಿಂಗಳು ದುಡಿದ. ತುಕ್ಕು ತೆಗೆದ, ಪಿಸ್ಟನ್ನಿಗೆ ಉಂಗುರ ಮಾಡಿಸಿದ, ಅಚ್ಚು ತಿರುಗುವಲ್ಲಿ ಬಳೆಯಂತೆ ಕೂರುವ ಹಿತ್ತಾಳೆಯ ಬುಷ್ ಸವೆದಿತ್ತು, ಅದನ್ನು ತೆಗೆದು ಹೊಸದು ಕೂಡಿಸಿದ. ಬಾಯ್ಲರ್ ಇರಲಿಲ್ಲವಾದ್ದರಿಂದ ಬಾವಿ ಕೊರೆಯುವ ಟ್ರ್ಯಾಕ್ಟರಿನ ಕಂಪ್ರೆಸರ್ ತರಿಸಿ, ಹಬೆಯ ಬದಲು ಗಾಳಿಯಿಂದಲೇ ಓಡಿಸುವುದೆಂದಾಯಿತು. ಓಡಿಸುವ ದಿನ ಅವ್ವನನ್ನು ಕರೆದೊಯ್ದೆ.

ಇಂಜಿನ್ನಿನ ದೊಡ್ಡ ಗಾಲಿ ಒಮ್ಮೆ ತಡೆದು, ತಿರುಗಿತು. ಅವ್ವ ಕುರ್ಚಿಯಲ್ಲಿ ಕೂತು ಬಹಳ ಹೊತ್ತು ಕೇಳಿದಳು.

"ಇದು ಅಲ್ಲ ಬಿಡು" ಎಂದಳು ನನಗೆ. "ಇದು ಸುಮ್ಮನ ತಿರಗತೈತಿ. ಅವರದು ಬಡೀತಿತ್ತು."

ಮಿಸ್ತ್ರಿಗೆ ಬೇಸರವಾಯಿತು. "ಬಡಿಯೂದನ್ನ ನಾನ ನಿಲ್ಲಿಸೀನ್ರಿ ಅವ್ವಾರ. ಅದಕ್ಕ ಕರಸ್ಯಾರ ನನ್ನ." ಹಳೆಯ ಬುಷ್ ಸವೆದು ಸಡಿಲವಾಗಿತ್ತಂತೆ. ಯಾರೋ ಅದರ ಹಿಂದೆ ತಗಡು ಮಡಚಿ ತುರುಕಿ ದಿನ ದೂಡಿದ್ದರಂತೆ.

"ಎಂಥಾ ತಗಡು?" ಅವ್ವ ಕೇಳಿದಳು.

"ಪೌಡರ್ ಡಬ್ಬೀದ ಇರಬೇಕ್ರಿ. ಮಡಚಿದ್ದರ ಒಳಮಗ್ಗಲು ಗುಲಾಬಿ ಹೂವಿನ ಚಿತ್ರ ಹಂಗ ಇತ್ತು."

ಅವ್ವ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. ತಗಡು ಎಲ್ಲಿ ಎಂದು ನಾನು ಕೇಳಿದೆ. ಗುಜರಿಗೆ ಹೋಗಿತ್ತು. ಹಳೆಯ ಬುಷ್ ಮಾತ್ರ ಚೀಲದಲ್ಲಿತ್ತು. ಅದನ್ನೇ ಒಮ್ಮೆ ಕೂಡಿಸಲು ಬರುತ್ತದೆಯೇ ಎಂದೆ.

"ಛಲೋ ಆಗಿದ್ದನ್ನ ಕೆಡಸು ಅಂದವ್ರು ನೀವ ಮೊದಲನೇದವ್ರು ನೋಡ್ರಿ" ಎಂದ. ಆದರೂ ಸ್ಪ್ಯಾನರ್ ಕೈಗೆತ್ತಿಕೊಂಡ.

ಎರಡನೆಯ ಸಲ ಇಂಜಿನ್ ಬಡಿಯುತ್ತ ತಿರುಗಿತು. ಸಡಿಲವಾದ ಯಾವ ಬುಷ್ ಆದರೂ ಹೀಗೇ ಬಡಿಯುತ್ತದೆ ಎಂದು ಮಿಸ್ತ್ರಿ ನನ್ನ ಕಿವಿಯಲ್ಲಿ ಹೇಳಿದ. ಅದು ನನಗೂ ಗೊತ್ತಿತ್ತು. ಗುಲಾಬಿಯ ಡಬ್ಬಿ ಆ ಕಾಲದಲ್ಲಿ ನಮ್ಮ ಮನೆಯಲ್ಲಿದ್ದಂತೆ ಎಷ್ಟೋ ಮನೆಗಳಲ್ಲಿತ್ತು.

"ನಿಧಾನ ಮಾಡಂತ ಹೇಳು" ಎಂದಳು ಅವ್ವ. ಮಿಸ್ತ್ರಿ ಗಾಳಿ ಕಡಿಮೆ ಮಾಡಿದ. "ಇನ್ನಷ್ಟು." ಬಡಿತಗಳ ನಡುವಿನ ಬಿಡುವು ಉದ್ದವಾಯಿತು. ಕೊನೆಯದಾಗಿ ಒಮ್ಮೆ ಬಡಿದು ಗಾಲಿ ನಿಂತಿತು.

"ಈಗ ಹೊಂಟಿರತಾರ" ಎಂದಳು.

ಗಂಗಾವತಿಯ ಆ ಗಿರಣಿಯಿಂದ ನಮ್ಮ ಮನೆಗೆ ಅಪ್ಪನಿಗೆ ಐದು ನಿಮಿಷದ ದಾರಿ. ಅಷ್ಟು ಹೊತ್ತು ಕಳೆಯುವವರೆಗೆ ನಾವಿಬ್ಬರೂ ಅಲ್ಲೇ ಕೂತಿದ್ದೆವು.