ಎಡಗಡೆಯ ದೀಪ

ಜೇಬೆಜ್ ಸ್ಯಾಚ್‌ವೆಲ್ ಬದುಕಿದ್ದಾಗ ನನಗೆ ಅವನನ್ನು ಕಂಡರೆ ಆಗುತ್ತಿರಲಿಲ್ಲ. ಅವನು ಸತ್ತು ಇಪ್ಪತ್ತು ವರ್ಷವಾಯಿತು, ಈಗಲೂ ಆಗುವುದಿಲ್ಲ. ಸತ್ತವರ ಬಗ್ಗೆ ಒಳ್ಳೆಯ ಮಾತೇ ಆಡಬೇಕೆಂದು ಪಾದ್ರಿಗಳು ಹೇಳುತ್ತಾರೆ. ಪಾದ್ರಿಗಳೇನು ಐದು ವರ್ಷ ದಿನಾ ಸಂಜೆ ಅವನ ಬಾಯಲ್ಲಿ ‘ಪೊಲೀಸಪ್ಪ’ ಅನ್ನಿಸಿಕೊಂಡಿದ್ದರೇ?

ಅವನ ಕಥೆ ಬರೆಯುವ ಚಪಲ ನನ್ನದಲ್ಲ. ಹೋದ ಮಂಗಳವಾರ ಅವನ ಮಗಳು ಕೆಜಾಯ ನಮ್ಮ ಮನೆ ಬಾಗಿಲಿಗೆ ಬಂದಳು. ಅಪ್ಪನ ಶೆಡ್ಡಿನಲ್ಲಿ ಈಗ ಅವಳೇ ಕಾರು ರಿಪೇರಿ ಮಾಡುತ್ತಾಳೆ. ಕೂರು ಅಂದರೆ ಕೂರಲಿಲ್ಲ, ಟೀ ಕೊಟ್ಟರೆ ಮುಟ್ಟಲಿಲ್ಲ.

“ನಿಮ್ಮ ಟೀ ಕುಡಿಯೋಕೆ ಬಂದಿಲ್ಲ, ಹ್ಯೂಯಿನ್ಸ್ ಅವ್ರೇ,” ಅಂದಳು. “ಅಪ್ಪನ ವಿಷಯ ನಿಮಗೆ ಗೊತ್ತಿರೋದೆಲ್ಲ ಬರ್ದುಕೊಡಿ. ಕೊನೇ ಗಳಿಗೇಲಿ ಅಲ್ಲಿದ್ದೋರು ನೀವೊಬ್ರೇ. ಅಪ್ಪನ ದೀಪ ಕೈಕೊಡ್ತೋ ಇಲ್ವೋ, ನಂಗೆ ತಿಳೀಬೇಕು.”

ಅದು ಅವಳಿಗೆ ಯಾಕೆ ಬೇಕೆಂದು ಬ್ರಾಕ್‌ಹಿಲ್‌ನಲ್ಲಿ ಎಲ್ಲರಿಗೂ ಗೊತ್ತು. ನಮ್ಮೂರಲ್ಲಿ ಬೇಕಾದ ಹೊತ್ತಿಗೆ ಕೈಕೊಡುವವನನ್ನು ‘ಸ್ಯಾಚ್‌ವೆಲ್ ದೀಪ’ ಅನ್ನುತ್ತಾರೆ. ಮದುವೆ ಮಾತು ಮುರಿದುಕೊಂಡವನು ಸ್ಯಾಚ್‌ವೆಲ್ ದೀಪ, ಕೊಯ್ಲಿಗೆ ಬರುತ್ತೇನೆಂದು ಹೇಳಿ ಬಾರದವನೂ ಸ್ಯಾಚ್‌ವೆಲ್ ದೀಪ. ಆ ಹುಡುಗಿ ಅದನ್ನು ಕೇಳಿಕೊಂಡೇ ಬೆಳೆದಳು.

ಸರಿ, ಬರೆಯುತ್ತೇನೆ. ಬರೆಯುವುದು ನನಗೆ ಹೊಸದಲ್ಲ. ಇಪ್ಪತ್ತೇಳು ವರ್ಷ ಕಾನ್‌ಸ್ಟೇಬಲ್ ಆಗಿದ್ದು ಕಂಡದ್ದನ್ನೆಲ್ಲ ಜೇಬಿನ ಪುಸ್ತಕದಲ್ಲಿ ಬರೆದವನು ನಾನು.

ಸ್ಯಾಚ್‌ವೆಲ್ ಕೊವೆಂಟ್ರಿಯ ಸೈಕಲ್ ಕಾರ್ಖಾನೆ ಬಿಟ್ಟು ೧೯೦೫ರಲ್ಲಿ ನಮ್ಮೂರಿಗೆ ಬಂದ. ಮುಚ್ಚಿಹೋಗಿದ್ದ ಕಮ್ಮಾರಸಾಲೆಯನ್ನು ಹಿಡಿದು ಶೆಡ್ಡು ಮಾಡಿದ. ಉದ್ದ ಮುಖ, ಎಡಗೈ ಹೆಬ್ಬೆರಳಿಗೆ ಉಗುರಿಲ್ಲ. ಬ್ರೆಡ್ಡು, ಚೀಸು, ಹಸಿ ಈರುಳ್ಳಿಯನ್ನು ನಿಂತುಕೊಂಡೇ ತಿನ್ನುತ್ತಿದ್ದ. ಪಬ್ಬಿಗೆ ಕಾಲಿಡುತ್ತಿರಲಿಲ್ಲ. ಭಾನುವಾರ ಪ್ರಾರ್ಥನೆಯಲ್ಲಿ ಮಾತ್ರ ಎಲ್ಲರಿಗಿಂತ ಜೋರಾಗಿ, ಎಲ್ಲರಿಗಿಂತ ಅಪಸ್ವರವಾಗಿ ಹಾಡುತ್ತಿದ್ದ. ಯಾರೋ ಸಾಹುಕಾರ ಬಿಸಾಕಿದ ಕಾರೊಂದನ್ನು ಬಿಚ್ಚಿ, ಜೋಡಿಸಿ, ರೈಲಿಗೆ ಹೋಗುವವರನ್ನು ಸ್ಟೇಷನ್ನಿಗೆ ಬಿಟ್ಟು, ಬಂದವರನ್ನು ಕರೆತರುವ ಬಾಡಿಗೆ ಗಾಡಿ ಮಾಡಿಕೊಂಡ. ಹೆಂಡತಿ ರೋಡಾ ಒಳ್ಳೆಯ ಹೆಂಗಸು. ನನಗೂ ನಗುನಗುತ್ತಾ ನಮಸ್ಕಾರ ಹೇಳುತ್ತಿದ್ದಳು.

ಸೂರ್ಯ ಮುಳುಗಿ ಒಂದು ಗಂಟೆಯಾದರೆ ದೀಪ ಹಚ್ಚುವ ಹೊತ್ತು. ಆಮೇಲೆ ಕಾರಿನ ಹಿಂದೆ ಕೆಂಪು ದೀಪ ಉರಿಯಲೇಬೇಕು, ನಂಬರು ಕಾಣಲೇಬೇಕು. ಪ್ರತಿ ದಿನದ ಹೊತ್ತನ್ನು ಅಚ್ಚು ಹಾಕಿದ ಪಟ್ಟಿ ಠಾಣೆಯ ಗೋಡೆಯ ಮೇಲಿರುತ್ತಿತ್ತು. ನಾನು ಗಡಿಯಾರ ಹಿಡಿದು ಗಿರಣಿ ತಿರುವಿನಲ್ಲಿ ಬೇಲಿಯ ಹಿಂದೆ ನಿಲ್ಲುತ್ತಿದ್ದೆ. ಆಗಿನ ಎಣ್ಣೆ ದೀಪಗಳು ರಸ್ತೆಯ ಕುಲುಕಾಟಕ್ಕೆ ತಟ್ಟನೆ ಆರುತ್ತಿದ್ದವು, ಓಡಿಸುವವನಿಗೆ ಗೊತ್ತೇ ಆಗುತ್ತಿರಲಿಲ್ಲ. ಅದು ನನ್ನ ತಪ್ಪಲ್ಲ.

೧೯೦೮ರ ಮಾರ್ಚ್ ತಿಂಗಳ ಒಂದು ಸಂಜೆ ಅವನ ಕಾರು ಹಿಂದಿನ ದೀಪವಿಲ್ಲದೆ ಬಂತು. ಸೀಟಿ ಊದಿ ನಿಲ್ಲಿಸಿದೆ.

“ಬಿಡಪ್ಪಾ, ಡಾಕ್ಟ್ರನ್ನ ಕರ್ಕೊಂಡು ಬರೋಕೆ ಹೋಗ್ತಿದೀನಿ. ರೋಡಾಗೆ ಹೆರಿಗೆ ನೋವು ಶುರುವಾಗಿದೆ, ರಕ್ತ ನಿಲ್ತಾ ಇಲ್ಲ!”

“ಹೆಸರು ಹೇಳು.”

“ನನ್ನ ಹೆಸರು ನಿಂಗೊತ್ತಿಲ್ವೇನೋ!”

“ಅಕ್ಷರ ಅಕ್ಷರ ಹೇಳು. ತಪ್ಪು ಬರೆದ್ರೆ ಕೋರ್ಟಲ್ಲಿ ನಿಲ್ಲಲ್ಲ.”

ಅಕ್ಷರ ಅಕ್ಷರ ಹೇಳಿಸಿದೆ. ನಂಬರು ಬರೆದೆ, ದೀಪ ಮುಟ್ಟಿ ನೋಡಿ ತಣ್ಣಗಿದೆ ಎಂದು ಬರೆದೆ, ಅವನು ಮತ್ತೆ ಹಚ್ಚುವವರೆಗೂ ಬಿಡಲಿಲ್ಲ. ಒಟ್ಟು ಹನ್ನೊಂದು ನಿಮಿಷ. ಇದನ್ನು ಯಾರೂ ನನ್ನ ಮೇಲೆ ಹೊರಿಸಿದ್ದಲ್ಲ, ನನ್ನ ಪುಸ್ತಕದಲ್ಲೇ ಇದೆ. ಡಾಕ್ಟರು ಬರುವಷ್ಟರಲ್ಲಿ ಮಗು ಹುಟ್ಟಿತ್ತು, ರೋಡಾ ಹೋಗಿದ್ದಳು. ಹನ್ನೊಂದು ನಿಮಿಷ ಮುಂಚೆ ಬಂದಿದ್ದರೂ ಉಳಿಯುತ್ತಿರಲಿಲ್ಲ ಎಂದು ಡಾಕ್ಟರೇ ಹೇಳಿದರು. ಊರು ನಂಬಲಿಲ್ಲ. ನನ್ನ ಹೆಂಡತಿಯನ್ನು ಅಂಗಡಿಯಲ್ಲಿ ಯಾರೂ ಮಾತಾಡಿಸಲಿಲ್ಲ. ಪಬ್ಬಿನಲ್ಲಿ ನಾನು ಕೂತ ಬೆಂಚು ಖಾಲಿಯಾಗುತ್ತಿತ್ತು.

ಸ್ಯಾಚ್‌ವೆಲ್ ಅಳಲೂ ಇಲ್ಲ, ಜಗಳಕ್ಕೂ ಬರಲಿಲ್ಲ. ಮಗುವನ್ನು, ಅಂದರೆ ಈ ಕೆಜಾಯಳನ್ನು, ತನ್ನ ಅಕ್ಕನ ಕೈಗೆ ಕೊಟ್ಟು ಶೆಡ್ಡಿನೊಳಗೆ ಹೊಕ್ಕ. ಬೇಸಿಗೆ ಮುಗಿಯುವ ಹೊತ್ತಿಗೆ ಅವನ ಕಾರಿನ ಹಿಂದೆ ಎರಡು ಕೆಂಪು ದೀಪ ಬಂದಿದ್ದವು, ಎರಡೂ ವಿದ್ಯುತ್ತಿನವು. ಬಲಗಡೆಯದು ದಿನಾ ಉರಿಯುವುದು, ಅದಕ್ಕೆ ಪಕ್ಕದ ಪೆಟ್ಟಿಗೆಯ ದೊಡ್ಡ ಬ್ಯಾಟರಿ. ಎಡಗಡೆಯದು ಮೀಸಲು, ಅದಕ್ಕೆ ಸೀಟಿನಡಿಯ ಸೆಲ್ಲುಗಳು. ನಡುವೆ ತಂತಿ ಸುತ್ತಿದ ಕಬ್ಬಿಣದ ತುಂಡು. ಬಲಗಡೆಯ ದೀಪಕ್ಕೆ ವಿದ್ಯುತ್ ಹರಿಯುವವರೆಗೆ ಆ ಕಬ್ಬಿಣ ಒಂದು ಪುಟ್ಟ ನಾಲಗೆಯನ್ನು ಎಳೆದು ಹಿಡಿದಿರುತ್ತದೆ. ಆ ದೀಪ ಆರಿತೋ, ಹಿಡಿತ ಬಿಟ್ಟು ನಾಲಗೆ ಬೀಳುತ್ತದೆ, ಎಡಗಡೆಯದು ತಾನೇ ಹೊತ್ತಿಕೊಳ್ಳುತ್ತದೆ. ಓಡಿಸುವವನು ಕೈ ಹಾಕಬೇಕಿಲ್ಲ. ಅವನಿಗೆ ಗೊತ್ತೂ ಆಗುವುದಿಲ್ಲ.

ಅಂದಿನಿಂದ ನನ್ನ ಸಂಜೆಗಳು ಹಾಳಾದವು. ಸ್ಟೇಷನ್ನಿಗೆ ಹೋಗುವಾಗ ಸರಿಯಾಗಿ ನಾನು ಅಡಗಿದ ಬೇಲಿಯ ಮುಂದೆ ಕಾರು ನಿಧಾನ ಮಾಡಿ, ಸೀಟಿನಿಂದ ಇಳಿಯದೆ, ತಿರುಗಿಯೂ ನೋಡದೆ ಕೂಗುತ್ತಿದ್ದ:

“ಏನ್ ಪೊಲೀಸಪ್ಪ, ದೀಪ ಉರೀತಾ ಇದೆಯಾ? ಕಣ್ತುಂಬಾ ನೋಡ್ಕೋ!”

ಒಳಗೆ ಕೂತ ಪ್ರಯಾಣಿಕರೂ ನಗುತ್ತಿದ್ದರು. ನಾನು ಉತ್ತರ ಕೊಡುತ್ತಿರಲಿಲ್ಲ. ಡಾಕ್ಟರೂ ಸೇರಿದಂತೆ ಊರಲ್ಲಿ ಕಾರಿದ್ದ ಆರು ಜನರೂ ಅವನಿಂದ ಅದೇ ದೀಪ ಹಾಕಿಸಿಕೊಂಡರು.

ಮರುವರ್ಷ ಒಮ್ಮೆ ಸಿಕ್ಕಿಬಿದ್ದ ಅಂದುಕೊಂಡೆ. ಬಲಗಡೆಯದು ಆರಿ ಎಡಗಡೆಯದು ಹೊತ್ತುವ ನಡುವೆ ರೆಪ್ಪೆ ಬಡಿಯುವಷ್ಟು ಹೊತ್ತು ಕತ್ತಲಾದದ್ದನ್ನು ಕಣ್ಣಾರೆ ಕಂಡೆ. ಆರಿದ್ದು ಆರಿದ್ದೇ. ಕೇಸು ಹಾಕಿದೆ. ಅವನು ಇಡೀ ದೀಪದ ಸರಂಜಾಮನ್ನು ಹಲಗೆಗೆ ಬಿಗಿದು ಕೋರ್ಟಿಗೆ ಹೊತ್ತು ತಂದ. ಮ್ಯಾಜಿಸ್ಟ್ರೇಟರು ತಾವೇ ಬಲಗಡೆಯ ಬಲ್ಬನ್ನು ತಿರುಚಿ ತೆಗೆದರು. ಎಡಗಡೆಯದು ಹೊತ್ತಿತು. ಅವರು ಮಗುವಿನ ಹಾಗೆ ನಾಲ್ಕು ಸಲ ಹಾಕಿ ತೆಗೆದು ಮಾಡಿದರು.

“ಈ ಮೀಸಲು ದೀಪ ಎಷ್ಟು ದಿನ ಬರುತ್ತೆ?” ಎಂದು ಕೇಳಿದರು.

“ಹನ್ನೆರಡು ಸಂಜೆ, ಮಹಾಸ್ವಾಮಿ. ಅದಕ್ಕಿಂತ ಜಾಸ್ತಿ ನಾನು ಮಾತು ಕೊಡಲ್ಲ.”

“ಬಲಗಡೆದು ಕೆಟ್ಟಿದೆ ಅಂತ ನಿನಗೆ ಹೇಗಪ್ಪಾ ಗೊತ್ತಾಗುತ್ತೆ?”

“ಹಿಂದಿನಿಂದ ನೋಡಿದೋರು ಯಾರಾದ್ರೂ ಹೇಳ್ತಾರೆ, ಮಹಾಸ್ವಾಮಿ. ಯಾರೂ ಇಲ್ದಿದ್ರೂ ನಮ್ಮ ಹ್ಯೂಯಿನ್ಸ್ ಸಾಹೇಬ್ರು ಬೇಲಿ ಹಿಂದೆ ಇದ್ದೇ ಇರ್ತಾರಲ್ಲ!”

ಕೋರ್ಟು ಬಿದ್ದು ಬಿದ್ದು ನಕ್ಕಿತು. ಗುಮಾಸ್ತ ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. ಕೇಸು ವಜಾ ಆಯಿತು, ನನಗೆ ಮೇಲಿನವರಿಂದ ಬೈಗುಳವಾಯಿತು. ಆ ನಗು ನನ್ನ ಕಿವಿಯಿಂದ ಇನ್ನೂ ಹೋಗಿಲ್ಲ. ಹೊಟ್ಟೆ ಉರಿಯಿತು ಎಂದು ಬರೆಯಲು ನನಗೆ ನಾಚಿಕೆಯಿಲ್ಲ.

ಹೀಗೆ ನಾಲ್ಕು ವರ್ಷ ಕಳೆಯಿತು. ೧೯೧೩ರ ನವೆಂಬರ್ ತಿಂಗಳ ಇಪ್ಪತ್ತನೆಯ ತಾರೀಖು, ಗುರುವಾರ ಸಂಜೆ, ಅವನ ಕಾರು ಎಂದಿನಂತೆ ಬಂತು. ಎಂದಿನಂತೆ ಕೂಗಿದ. ಕಾರು ಮುಂದೆ ಹೋದ ಮೇಲೆ ನೋಡಿದೆ. ಬಲಗಡೆಯದು ಸತ್ತಿತ್ತು. ಉರಿಯುತ್ತಿದ್ದದ್ದು ಎಡಗಡೆಯದು.

ಅವನಿಗೆ ಗೊತ್ತಿರಲಿಲ್ಲ. ಶೆಡ್ಡಿನಲ್ಲಿ ಸೀಟಿನ ಮೇಲೆ ಕೂತೇ ಸ್ವಿಚ್ಚು ಹಾಕಿ, ಹಿಂದಿನ ಗೋಡೆಯ ಮೇಲೆ ಕೆಂಪು ಬೆಳಕು ಬಿದ್ದರೆ ಅವನಿಗೆ ಅಷ್ಟೇ ಸಾಕಿತ್ತು. ಯಾವ ದೀಪದ ಬೆಳಕು ಎಂದು ಗೋಡೆ ಹೇಳುತ್ತದೆಯೇ? ತನ್ನ ಕೈಕೆಲಸದ ಮೇಲೆ ಅಷ್ಟು ನಂಬಿಕೆ ಅವನಿಗೆ. ಹಿಂದೆ ನಿಂತವನು ನಾನೊಬ್ಬನೇ.

ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ನಾನು ಪುಸ್ತಕ ತೆಗೆದು, ‘ಬಲ ಆರಿದೆ, ಎಡ ಉರಿಯುತ್ತಿದೆ’ ಎಂದು ಬರೆದು ಜೇಬಿಗೆ ಹಾಕಿಕೊಂಡೆ. ಕಾನೂನು ಕೇಳುವುದು ಒಂದು ದೀಪ, ಒಂದು ಉರಿಯುತ್ತಿತ್ತು. ಅವನನ್ನು ಎಚ್ಚರಿಸಬೇಕೆಂದು ಯಾವ ಕಾಯಿದೆಯಲ್ಲೂ ಇಲ್ಲ. ಹನ್ನೆರಡು ಸಂಜೆ ಎಂದು ಅವನೇ ಕೋರ್ಟಿನಲ್ಲಿ ಹೇಳಿದ್ದ. ಹದಿಮೂರನೆಯ ಸಂಜೆ ಹಿಡಿಯುತ್ತೇನೆ ಎಂದುಕೊಂಡೆ. ಅವತ್ತು ಯಾರು ನಗುತ್ತಾರೋ ನೋಡೋಣ.

ಆಮೇಲಿನ ಸಂಜೆಗಳಲ್ಲಿ ಮೊದಲ ಬಾರಿಗೆ ಅವನ ಪ್ರಶ್ನೆಗೆ ಉತ್ತರ ಕೊಡಲು ಶುರುಮಾಡಿದೆ.

“ದೀಪ ಉರೀತಾ ಇದೆಯಾ, ಪೊಲೀಸಪ್ಪ?”

“ಉರೀತಾ ಇದೆ.”

“ಓಹೋ, ಬಾಯಿ ಬಂತಲ್ಲಪ್ಪ ಬೇಲಿಗೆ!”

ಹದಿಮೂರನೆಯ ಸಂಜೆಯೂ ಉರಿಯಿತು. ಹದಿನಾಲ್ಕು, ಹದಿನೈದು. ಬೆಳಕು ಮೊದಲಿಗಿಂತ ಮಂಕಾಯಿತು, ಆದರೆ ಆರಲಿಲ್ಲ. ನನ್ನ ತಾಳ್ಮೆ ಆರುತ್ತಾ ಬಂತು. ಹತ್ತೊಂಬತ್ತು ಸಂಜೆ ನಿಂತೆ, ಹತ್ತೊಂಬತ್ತು ಸಲ ಬರೆದೆ.

ಇಪ್ಪತ್ತನೆಯದು ಡಿಸೆಂಬರ್ ಒಂಬತ್ತು. ಐದು ಗಂಟೆ ದಾಟಿತ್ತು, ಆಗಲೇ ಗವ್ವೆನ್ನುವ ಕತ್ತಲು. ಕಾರು ಬಂತು, ಒಳಗೆ ಅವನೊಬ್ಬನೇ. ಕೂಗಿದ, ಮುಂದೆ ಹೋದ. ಹಿಂದೆ ಏನೂ ಇರಲಿಲ್ಲ. ಸೀಟಿ ಊದಿದೆ. ಅಷ್ಟು ಖುಷಿಯಿಂದ ನಾನು ಯಾವತ್ತೂ ಸೀಟಿ ಊದಿಲ್ಲ.

ತಿರುವಿನ ನಟ್ಟನಡುವೆ ಅವನು ನಿಂತ. ಮುಂದೆ ಹೋಗಿ ನಿಲ್ಲು ಎಂದು ನಾನು ಹೇಳಲಿಲ್ಲ. ಎಂಜಿನ್ ಆರಿಸದೆ ಇಳಿದು ಬಂದ.

“ಹಿಂದಿನ ದೀಪ ಇಲ್ಲ,” ಅಂದೆ. “ಹೆಸರು ಹೇಳು. ಅಕ್ಷರ ಅಕ್ಷರ.”

ಅವನು ನನ್ನ ಕಡೆ ನೋಡಲೇ ಇಲ್ಲ. ಕಾರಿನ ಹಿಂದೆ ಮಂಡಿಯೂರಿ ಕೂತು ಎರಡೂ ಬಲ್ಬು ಮುಟ್ಟಿ ನೋಡಿದ.

“ಎರಡೂ ಹೋಗಿದೆ,” ಅಂದ, ತನಗೆ ತಾನೇ ಹೇಳಿಕೊಂಡ ಹಾಗೆ. “ಎಡಗಡೆದು ಬೆಚ್ಚಗಿದೆ. ಇದು ಈಗ ಆರಿದ್ದು. ಹಾಗಾದ್ರೆ ಬಲಗಡೆದು ಯಾವಾಗ ಹೋಯ್ತು?”

ನಾನು ಹೆಮ್ಮೆಯಿಂದಲೇ ಹೇಳಿದೆ. “ಹತ್ತೊಂಬತ್ತು ದಿನ ಆಯ್ತು.”

ಅವನು ಮುಖವೆತ್ತಿದ. ರೋಡಾ ಸತ್ತ ಮೇಲೆ ಅವನು ನನ್ನ ಮುಖವನ್ನು ನೇರವಾಗಿ ನೋಡಿದ್ದು ಅದೊಂದೇ ಸಲ.

“ನೋಡಿದ್ಯಾ? ನೋಡಿದ್ದೂ ಹೇಳ್ಲಿಲ್ವಾ?”

ನನ್ನ ಲಾಂದ್ರದ ಬೆಳಕು ಪುಸ್ತಕದ ಮೇಲಿತ್ತು, ರಸ್ತೆಯ ಮೇಲಿರಲಿಲ್ಲ. ರಸ್ತೆಗೆ ನಾನು ಬೆನ್ನು ಮಾಡಿದ್ದೆ. ಎಂಜಿನ್ ಸದ್ದಿನಲ್ಲಿ ಬೇರೇನೂ ಕೇಳಿಸಲಿಲ್ಲ. ಬಿಯರ್ ಪೀಪಾಯಿ ತುಂಬಿದ ಉಗಿ ಲಾರಿ ಇಳಿಜಾರಿನಲ್ಲಿ ಬಂದು ತಿರುವು ತಿರುಗಿತು. ನಾನು ಬೇಲಿಯ ಕಡೆ ಹಾರಿದೆ. ಮಂಡಿಯೂರಿದವನಿಗೆ ಏಳಲು ಆಗಲಿಲ್ಲ. ಲಾರಿಯವನದು ತಪ್ಪಿಲ್ಲ, ಅವನಿಗೆ ಕಾಣುವಂಥದ್ದು ಅಲ್ಲೇನೂ ಇರಲಿಲ್ಲ.

ಸಾವಿನ ವಿಚಾರಣೆ ಶಾಲೆಯ ಕೋಣೆಯಲ್ಲಿ ನಡೆಯಿತು. “ಈ ದೀಪ ಕೆಟ್ಟಿರುವುದು ಮೊದಲೇ ನಿಮ್ಮ ಗಮನಕ್ಕೆ ಬಂದಿತ್ತೇ?” ಎಂದು ಕೇಳಿದರು. “ಇಲ್ಲ” ಅಂದೆ. ಹಾಗನ್ನುವಾಗ ಪುಸ್ತಕ ನನ್ನ ಎದೆಯ ಜೇಬಿನಲ್ಲೇ ಇತ್ತು. ಮೃತನು ತಾನೇ ಮಾಡಿದ ಮೀಸಲು ದೀಪವನ್ನು ನಂಬಿ ಕೆಟ್ಟ ಎಂದು ತೀರ್ಪು ಬರೆದರು. ಹೊರಗೆ ಬಂದ ಹತ್ತು ನಿಮಿಷದಲ್ಲಿ ಊರು ‘ಸ್ಯಾಚ್‌ವೆಲ್ ದೀಪ’ ಎಂಬ ಮಾತನ್ನು ಹುಟ್ಟಿಸಿತು. ವಾರದೊಳಗೆ ಆರೂ ಕಾರಿನವರು ಅವನ ದೀಪ ಕಿತ್ತೆಸೆದರು. ಊರಿನವರು ನನ್ನ ಜೊತೆ ಮತ್ತೆ ಮಾತಾಡತೊಡಗಿದರು. ನಾನೂ ಪಬ್ಬಿನಲ್ಲಿ ಕೂತು ಆ ಮಾತಿಗೆ ಎಲ್ಲರ ಜೊತೆ ನಕ್ಕಿದ್ದೇನೆ.

ಇಷ್ಟು ಬರೆದದ್ದನ್ನು ಕೆಜಾಯ ಇವತ್ತು ಮಧ್ಯಾಹ್ನ ಬಂದು ಓದಿದಳು. ಜೇಬಿನ ಪುಸ್ತಕವನ್ನೂ ಕೊಟ್ಟೆ. ಅತ್ತರೆ ಏನು ಮಾಡುವುದೆಂದು ನನಗೆ ದಿಗಿಲಿತ್ತು. ಅವಳು ಅಳಲಿಲ್ಲ. ಗ್ರೀಸು ಹತ್ತಿದ ಬೆರಳನ್ನು ಒಂದೊಂದು ಸಾಲಿನ ಕೆಳಗಿಟ್ಟು ಎಣಿಸಿದಳು.

“ಹತ್ತೊಂಬತ್ತು,” ಅಂದಳು. “ಅಪ್ಪ ಮಾತು ಕೊಟ್ಟಿದ್ದು ಹನ್ನೆರಡಕ್ಕೆ.”

“ಹೌದು.”

“ಅಂದ್ರೆ ಅಪ್ಪನ ದೀಪ ಕೈಕೊಡ್ಲಿಲ್ಲ. ಮಾತು ಕೊಟ್ಟಿದ್ದಕ್ಕಿಂತ ಒಂದು ವಾರ ಜಾಸ್ತಿ ಕಾಯ್ತು. ಯಾರಾದ್ರೂ ಹೇಳ್ತಾರೆ ಅಂತ ಕಾಯ್ತು.”

“ಆದರೆ ಕಾನೂನಿನಲ್ಲಿ...” ಎಂದು ಶುರುಮಾಡಿದೆ.

“ಸಾಕು ಮಾಡ್ರೀ. ಇದನ್ನ ಭಾನುವಾರ ಪ್ರಾರ್ಥನೆ ಮುಗಿದ್ಮೇಲೆ ಎಲ್ಲರ ಮುಂದೆ ಓದ್ತೀನಿ. ನೀವೂ ಬಂದು ಕೂತ್ಕೋಬೇಕು. ನಾನಂದಿದ್ದನ್ನೂ ಇದರಲ್ಲಿ ಸೇರ್ಸಿ.”

ಸೇರಿಸಿದ್ದೇನೆ. ಅವಳು ಮೇಜಿನ ಆ ಕಡೆ ನಿಂತೇ ಇದ್ದಾಳೆ, ಕೋಟು ಬಿಚ್ಚಿಲ್ಲ.

“ಈಗ ಕೆಳಗೆ ನಿಮ್ಮ ಹೆಸರು ಬರೀರಿ,” ಅನ್ನುತ್ತಿದ್ದಾಳೆ. “ಅಕ್ಷರ ಅಕ್ಷರ ಬರೀರಿ. ತಪ್ಪಾದ್ರೆ ನಿಲ್ಲಲ್ಲ. ಹನ್ನೊಂದು ನಿಮಿಷ ಬೇಕಾದ್ರೂ ತಗೊಳ್ಳಿ. ನಮ್ಮನೇಲಿ ಈಗ ಯಾರಿಗೂ ನೋವಿಲ್ಲ.”

ಅಲ್ಬನ್ ಹ್ಯೂಯಿನ್ಸ್, ನಿವೃತ್ತ ಕಾನ್‌ಸ್ಟೇಬಲ್, ಬ್ರಾಕ್‌ಹಿಲ್