ಕಣ್ಣು ಬಿಡಿಸುವ ಅಂಗಡಿ

ಕುಣಿಗಲ್ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಮಾಲಿನಿಯ ಫ್ಲೆಕ್ಸ್ ಅಂಗಡಿ ಎಲ್ಲಿ ಎಂದು ಕೇಳಿ ನೋಡಿ. ಬೋರ್ಡಿನ ಮೇಲಿರುವ ಹೆಸರು ಯಾರ ಬಾಯಿಗೂ ಬರುವುದಿಲ್ಲ. ಕಣ್ಣು ಬಿಡಿಸುವ ಅಂಗಡಿಯಾ ಎಂದು ವಾಪಸ್ಸು ಕೇಳಿ, ಗದ್ದ ಎತ್ತಿ ದಾರಿ ತೋರಿಸುತ್ತಾರೆ. ಗೃಹಪ್ರವೇಶ, ಹುಟ್ಟುಹಬ್ಬ, ಮೀಸೆ ಮೂಡದ ಹುಡುಗರನ್ನು ರಾತ್ರೋರಾತ್ರಿ ಯುವ ನಾಯಕರನ್ನಾಗಿ ಮಾಡುವ ಫ್ಲೆಕ್ಸು, ಎಲ್ಲವೂ ಅಲ್ಲಿ ಆಗುತ್ತಿತ್ತು. ಆದರೆ ಆ ಮನೆಯ ಒಲೆ ಉರಿಯುತ್ತಿದ್ದದ್ದು ಶ್ರದ್ಧಾಂಜಲಿಯಿಂದ.

ನಮ್ಮ ಕಡೆಯವರಿಗೆ ಒಂದು ಕೆಟ್ಟ ಅಭ್ಯಾಸ. ಬದುಕಿದ್ದಷ್ಟು ದಿನ ಮನುಷ್ಯನ ಒಂದು ನೆಟ್ಟಗಿನ ಫೋಟೊ ತೆಗೆಯುವುದಿಲ್ಲ. ಸತ್ತ ಮೇಲೆ ಮೈ ತೊಳೆಸಿ, ಹಣೆತುಂಬ ವಿಭೂತಿ ಹಚ್ಚಿ, ಹೊಸ ಶಲ್ಯ ಹೊದಿಸಿ ಗೋಡೆಗೊರಗಿಸಿ ಕೂರಿಸುತ್ತಾರೆ. ಹುಟ್ಟಿದಾಗಿನಿಂದ ಗೂನುಬೆನ್ನು ಹಾಕಿಕೊಂಡು ಓಡಾಡಿದವನೂ ಅವತ್ತು ಮಠದ ಸ್ವಾಮಿಗಳ ಹಾಗೆ ಕೂತಿರುತ್ತಾನೆ. ಆಗ ಯಾರಿಗೋ ಫೋಟೊ ನೆನಪಾಗಿ ಮೊಬೈಲು ಹಿಡಿಯುತ್ತಾರೆ. ತಿಥಿಯ ಫ್ಲೆಕ್ಸಿಗೆ ಅದನ್ನೇ ತಂದು, ಹಾರ ತೆಗೆದು, ಮೂಗಿನ ಹತ್ತಿ ತೆಗೆದು, ಕಣ್ಣು ಬಿಡಿಸಿಕೊಡವ್ವ ಎನ್ನುತ್ತಾರೆ.

ಮಾಲಿನಿ ಬೆಳ್ಳಾವಿಯ ಹೆಣ್ಣು. ತುಮಕೂರಿನಲ್ಲಿ ಡಿಟಿಪಿ ಕಲಿತು, ವಸಂತನರಸಾಪುರದ ಫ್ಯಾಕ್ಟರಿಯೊಂದರ ಆಫೀಸಿನಲ್ಲಿ ಲೇಬಲ್ ಡಿಸೈನ್ ಮಾಡುತ್ತಿದ್ದವಳು ಫೋಟೊ, ಫ್ಲೆಕ್ಸಿನ ಅಂಗಡಿ ಇಟ್ಟಿದ್ದ ಚನ್ನೇಶನ ಕೈಹಿಡಿದು ಕುಣಿಗಲ್ಲಿಗೆ ಬಂದಳು. ಮೊದಮೊದಲು ಸತ್ತವರ ಕಣ್ಣನ್ನು ಅವಳೇ ಮೌಸಿನಲ್ಲಿ ಬಿಡಿಸುತ್ತಿದ್ದಳು. ಒಂದೊಂದಕ್ಕೂ ಅರ್ಧ ದಿನ ಹೋಗುತ್ತಿತ್ತು. ಆಮೇಲೆ ಚನ್ನೇಶ ಎಲ್ಲಿಂದಲೋ ಒಂದು ಸಾಫ್ಟ್‌ವೇರ್ ತಂದು ಹಾಕಿದ. ಮುಚ್ಚಿದ ಕಣ್ಣಿನ ಫೋಟೊ ಕೊಟ್ಟರೆ ಚಿಟಿಕೆ ಹೊಡೆಯುವಷ್ಟರಲ್ಲಿ ತೆರೆದುಕೊಡುತ್ತಿತ್ತು. ಅದಕ್ಕೆ ಮಾದರಿಗೊಂದು ಜೊತೆ ಕಣ್ಣು ಬೇಕಿತ್ತು. ಸೋಮಾರಿ ಮಹಾಶಯ ತನ್ನದೇ ಫೋಟೊ ತೆಗೆದು, ಕಣ್ಣಷ್ಟೇ ಕತ್ತರಿಸಿ ಕೊಟ್ಟು, ಮಿಕ್ಕ ಮುಖವನ್ನು ಅಳಿಸಿ ಹಾಕಿದ.

"ತಾಲ್ಲೂಕಲ್ಲಿ ಸತ್ತೋರೆಲ್ಲ ಇನ್ಮೇಲೆ ನನ್ ಕಣ್ಣಲ್ಲೇ ನೋಡ್ತಾರೆ ಕಣೇ" ಎಂದು ನಗುತ್ತಿದ್ದ. ಅವಳೂ ನಗುತ್ತಿದ್ದಳು.

ಒಂದು ದಿನ ಗುಬ್ಬಿಯಲ್ಲಿ ಯಾರದೋ ಮದುವೆಯ ಫ್ಲೆಕ್ಸು ಕಟ್ಟುತ್ತಿದ್ದ ಚನ್ನೇಶ ಎದೆ ಹಿಡಿದುಕೊಂಡು ಏಣಿಯ ಬುಡದಲ್ಲೇ ಕುಸಿದು ಹೋದ. ಅವನನ್ನು ಮನೆಗೆ ತಂದು ಕೂರಿಸಿದಾಗ ಕಣ್ಣು ಅರ್ಧ ತೆರೆದೇ ಇತ್ತು. ಮುಚ್ಚಮ್ಮ, ಹೆಂಡತಿ ಕೈಲಿ ಮುಚ್ಚಿಸಿಕೊಂಡು ಹೋಗಲಿ ಎಂದರು ಹಿರಿಯರು. ಮಾಲಿನಿಯ ಕೈ ಮೇಲೇಳಲಿಲ್ಲ. ಮುಚ್ಚಿದರೆ ತಾನೇ ಕಳಿಸಿಕೊಟ್ಟಂತೆ ಎಂಬ ಒಂದೇ ಯೋಚನೆ ಅವಳನ್ನು ಹಿಡಿದುಬಿಟ್ಟಿತ್ತು. ಕೊನೆಗೆ ಅವನ ಸೋದರಮಾವ ಅಡವಿಯಪ್ಪನವರು ಅಂಗೈ ಸವರಿ ಮುಚ್ಚಿದರು.

ಊರಿಗೆಲ್ಲ ಫೋಟೊ ಹೊಡೆದವನ ಮನೆಯಲ್ಲಿ ಅವನದೊಂದು ಸರಿಯಾದ ಫೋಟೊ ಇರಲಿಲ್ಲ. ಇದ್ದವುಗಳಲ್ಲೆಲ್ಲ ಕಪ್ಪು ಕನ್ನಡಕ. ಕೂರಿಸಿದ ಹೆಣದ ಫೋಟೊವನ್ನೇ ಮಾಲಿನಿ ಕಂಪ್ಯೂಟರಿಗೆ ಹಾಕಿದಳು. ಕಣ್ಣು ತೆರೆಯಿತು. ತಾಲ್ಲೂಕಿನಲ್ಲಿ ಆ ಕಣ್ಣು ಅದರದೇ ಮುಖಕ್ಕೆ ಹೋಗಿ ಕೂತದ್ದು ಅದೊಂದೇ ಸಲ. ಅವಳು ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. ಆ ಫ್ಲೆಕ್ಸನ್ನು ಅಂಗಡಿಯ ಗೋಡೆಗೆ, ತನ್ನ ಕುರ್ಚಿಯ ಎದುರಿಗೇ ಹಾಕಿಕೊಂಡಳು.

ಆಮೇಲೆ ಶುರುವಾಯಿತು. ಹುತ್ರಿದುರ್ಗದ ರಸ್ತೆಯ ತಿರುವಿನ ಫ್ಲೆಕ್ಸಿನಿಂದ ಯಾವನೋ ಮುದುಕ ಅವಳನ್ನು ಚನ್ನೇಶನ ಕಣ್ಣಲ್ಲಿ ನೋಡಿದ. ಸರ್ಕಲ್ಲಿನಲ್ಲಿ ನಿವೃತ್ತ ಮೇಷ್ಟ್ರೊಬ್ಬರು, ಸಂತೆಯ ಬಾಗಿಲಲ್ಲಿ ತೆಂಗಿನಕಾಯಿ ವ್ಯಾಪಾರಿಯೊಬ್ಬರು. ಮಳೆಗೆ ಹರಿದು ಒಂದೇ ಕಣ್ಣು ಉಳಿದವರೂ ಇದ್ದರು. ತರಕಾರಿಗೆ ಹೋಗುವುದಿದ್ದರೂ ಅವಳು ಸುತ್ತು ದಾರಿ ಹಿಡಿಯತೊಡಗಿದಳು.

ಅದನ್ನಾದರೂ ಸಹಿಸಬಹುದಿತ್ತು. ಆದರೆ ಸಾಫ್ಟ್‌ವೇರು ಕೇಳದೆಯೇ ಕೆಲಸಕ್ಕಿಳಿಯಿತು. ರೂಪಶ್ರೀ ಎಂಬ ಬಾಣಂತಿ ಮಗನ ತೊಟ್ಟಿಲ ಶಾಸ್ತ್ರದ ಫ್ಲೆಕ್ಸಿಗೆ ಮಲಗಿದ ಕೂಸಿನ ಫೋಟೊ ಕಳಿಸಿದ್ದಳು. ಪ್ರಿಂಟು ತೆಗೆದುಕೊಳ್ಳಲು ಬಂದ ಅವಳ ಅತ್ತೆ ಸರ್ವಮಂಗಳಮ್ಮ ಸುರುಳಿ ಬಿಚ್ಚಿ, ಹಾಗೇ ನಿಂತರು. ಹೂವಿನ ನಡುವೆ ಮಲಗಿದ್ದ ಕೂಸು ಕಣ್ಣು ಬಿಟ್ಟುಕೊಂಡಿತ್ತು. ಆ ಅತ್ತೆ ಗೋಡೆಯ ಚನ್ನೇಶನನ್ನೊಮ್ಮೆ, ಕೂಸನ್ನೊಮ್ಮೆ ನೋಡಿದರು.

"ಇದು ಹಸುಗೂಸಿನ ಕಣ್ಣಲ್ಲ ಕಣಮ್ಮ" ಎಂದು ಮೆಲ್ಲಗೆ ಹೇಳಿ, ಫ್ಲೆಕ್ಸನ್ನು ಮುಟ್ಟದೆ ಹೊರಟುಹೋದರು.

ಊರ ಬಾಯಿಗೆ ಬೀಗ ಹಾಕುವವರುಂಟೇ? ಸತ್ತ ಚನ್ನೇಶ ಮಿಷನ್ನಿನಲ್ಲಿ ಸೇರಿಕೊಂಡವ್ನೆ ಎಂಬ ಮಾತು ಹಬ್ಬಿತು. ಬದುಕಿದವರ ಫೋಟೊ ಅಲ್ಲಿ ಕೊಡಬಾರದು ಎಂದರು. ಹುಟ್ಟುಹಬ್ಬಗಳೆಲ್ಲ ಎದುರಿನ ಅಂಗಡಿಗೆ ಹೋದವು. ಹೀಗೇ ಬಿಟ್ಟರೆ ಅಂಗಡಿಗೆ ಬಾಗಿಲು ಎಳೆಯಬೇಕಾದೀತು ಎಂದು ಮಾಲಿನಿಗೆ ಗೊತ್ತಾಯಿತು. ಸಾಫ್ಟ್‌ವೇರನ್ನು ತೆಗೆದುಹಾಕಿದಳು. ಬೆಳಿಗ್ಗೆ ಕಂಪ್ಯೂಟರ್ ಹಾಕಿದರೆ ಅದು ಇದ್ದ ಜಾಗದಲ್ಲೇ ಇತ್ತು. ಮತ್ತೆ ತೆಗೆದಳು, ಮತ್ತೆ ಬಂತು. ನೆಟ್ಟಿನ ವೈರನ್ನೇ ಕಿತ್ತಳು. ಆಗಲೂ ಬಂತು.

ತುಮಕೂರಿನಿಂದ ತೌಹೀದನನ್ನು ಕರೆಸಿದಳು. ಕಂಪ್ಯೂಟರ್ ರಿಪೇರಿಯವನು, ಚನ್ನೇಶನ ಹಳೆಯ ಸ್ನೇಹಿತ. ಅವನ ತಂದೆ ಅಬ್ದುಲ್ ರಶೀದ್ ಸಾಹೇಬರು ಗುಬ್ಬಿಯಲ್ಲಿ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದವರು. ತಾಮ್ರ ಕಾಣುವ ತನಕ ಹಳೆಯದನ್ನು ಕೆರೆದು ತೆಗೆಯದೆ ಹೊಸ ಕಲಾಯಿ ಮುಟ್ಟುತ್ತಿರಲಿಲ್ಲ. ಕೆರೆಯುವ ಮುಂಚೆ ಪಾತ್ರೆಯ ಯಜಮಾನಿಯ ಬಾಯಲ್ಲೇ ಹೂಂ ಅನ್ನಿಸಿಕೊಳ್ಳುತ್ತಿದ್ದರು. ಮಗ ಆ ಪದ್ಧತಿಯನ್ನು ಕಂಪ್ಯೂಟರಿಗೂ ತಂದಿದ್ದ. ಕೊನೆಯ ಬಟನ್ನನ್ನು ಅವನು ಒತ್ತುತ್ತಿರಲಿಲ್ಲ, ಯಜಮಾನರ ಕೈಲೇ ಒತ್ತಿಸುತ್ತಿದ್ದ.

ತೌಹೀದ್ ಮೊದಲು ಗೋಡೆ ಕಡೆ ನೋಡಿದ, ಆಮೇಲೆ ಗೋಡೆಗೆ ಬೆನ್ನು ಮಾಡಿ ಕೂತ. ಪೆನ್‌ಡ್ರೈವಿನಿಂದ ತನ್ನ ಅನ್‌ಇನ್‌ಸ್ಟಾಲರ್ ಹಾಕಿದ. ಸುಮ್ಮನೆ ತೆಗೆದರೆ ಪ್ರೋಗ್ರಾಮ್ ಬಾಗಿಲು ದಾಟಿ ಹೋಗುತ್ತದೆ, ಆದರೆ ಚಪ್ಪಲಿ ಬಿಟ್ಟಿರುತ್ತದೆ, ಬೀಗದ ಕೈ ಬಿಟ್ಟಿರುತ್ತದೆ, ಅದನ್ನು ಹಿಡಿದು ವಾಪಸ್ಸು ಬರುತ್ತದೆ. ಇದು ಮೂಲೆಮೂಲೆ ಹುಡುಕಿ ಅದನ್ನೆಲ್ಲ ಗುಡಿಸುತ್ತದೆ ಎಂದು ವಿವರಿಸಿದ. ತಾನಾಗೇ ಅಪ್‌ಡೇಟ್ ಆಗಿ ಹೀಗೆ ಕಾಟ ಕೊಡುತ್ತಿರಬೇಕು ಎಂದೂ ಹೇಳಿದ. ನೆಟ್ಟಿನ ವೈರು ಕಿತ್ತು ಬಹಳ ದಿನವಾಯಿತು ಎಂದಳು ಮಾಲಿನಿ. ಅವನು ತಿರುಗಿ ಆ ವೈರಿನ ತುದಿಯನ್ನು ನೋಡಿದ.

ಹುಡುಕಾಟ ಮುಗಿದು, ಅಳಿದುಳಿದದ್ದೆಲ್ಲ ತೆರೆಯ ಮೇಲೆ ಬಂತು. ಕಟ್ಟಕಡೆಯಲ್ಲಿ ಚನ್ನೇಶನ ಹೆಸರಿನ ಫೋಲ್ಡರ್. ತೆರೆದರೆ ಎರಡು ಜೊತೆ ಕಣ್ಣು, ಮುಖವಿಲ್ಲದ ಬರೀ ಕಣ್ಣು. ಒಂದು ಅವನದು. ಇನ್ನೊಂದನ್ನು ನೋಡಲು ಮಾಲಿನಿ ತೆರೆಯ ಹತ್ತಿರಕ್ಕೆ ಬಗ್ಗಿದಳು. ಅವು ಅವಳವೇ. ಹೆಂಗಸರ ಹೆಣಗಳಿಗೆ ಯಾವ ಕಣ್ಣು ಹಾಕುತ್ತೀರಿ ಎಂದು ಅವಳು ಯಾವತ್ತೂ ಕೇಳಿರಲಿಲ್ಲ. ಅವನು ಹೇಳಿರಲೂ ಇಲ್ಲ.

"ಅಕ್ಕ, ಅಣ್ಣನ್ ಕಣ್ಣು ಬೇರೆ ಎಲ್ಲೂ ಇಲ್ಲ ಅಲ್ವಾ?" ತೌಹೀದನ ದನಿ ತಗ್ಗಿತ್ತು. "ಇದೊಂದು ಕಾಪಿ ಇಟ್ಕೊಡ್ತೀನಿ. ಒತ್ತಿದ್‌ಮೇಲೆ ನಾನಲ್ಲ, ಯಾರು ಬಂದ್ರೂ ವಾಪಸ್ ತರಕ್ಕಾಗಲ್ಲ."

ಮಾಲಿನಿ ಮೌಸಿನ ಮೇಲೆ ಕೈಯಿಟ್ಟಳು. ಅವಳಿಗೆ ಆ ಕಣ್ಣು ಬೇಕಿತ್ತು. ಅನ್ನ ನೀರಿಗಿಂತ ಬೇಕಿತ್ತು. ಅದು ಮಲಗಿದ ಕೂಸಿನ ಮುಖದಲ್ಲಿ ತೆರೆದುಕೊಂಡದ್ದನ್ನು ನೆನೆದಳು.

"ಒಂಚೂರು ಇಟ್ಕೊಂಡ್ರೂ ಅವ್ರು ವಾಪಸ್ ಬರ್ತಾರೆ ತೌಹೀದ್. ಬೇಡ, ಬುಡು" ಎಂದು ತಾನೇ ಒತ್ತಿದಳು.

ಹಸಿರು ಪಟ್ಟಿ ನಿಧಾನಕ್ಕೆ ತುಂಬಿತು. ಕಂಪ್ಯೂಟರ್ ಆರಿ ಮತ್ತೆ ಹತ್ತಿಕೊಂಡಿತು. ಎಲ್ಲ ಸರಿಯಿದೆಯಾ ನೋಡೋಣವೆಂದು ತೌಹೀದ್ ಹಳೆಯ ಶ್ರದ್ಧಾಂಜಲಿಗಳ ಫೋಲ್ಡರ್ ತೆರೆದ. ಮೊದಲ ಮುದುಕ ಕಣ್ಣು ಮುಚ್ಚಿಕೊಂಡಿದ್ದ. ಎರಡನೆಯವರು ಮೇಷ್ಟ್ರು, ಅವರದೂ ಮುಚ್ಚಿತ್ತು. ವ್ಯಾಪಾರಿ, ಯಾರದೋ ಸೊಸೆ, ಯಾರದೋ ಅಜ್ಜಿ. ಕೆಳಗಿಳಿದಷ್ಟೂ ಸಾಲುಸಾಲಾಗಿ ಎಲ್ಲರೂ ಕಣ್ಣು ಮುಚ್ಚಿ ಕೂತಿದ್ದರು. ಆ ಸಾಫ್ಟ್‌ವೇರು ಅಸಲು ಫೋಟೊವನ್ನು ಮುಟ್ಟಿಯೇ ಇರಲಿಲ್ಲ, ಕಲಾಯಿಯ ಹಾಗೆ ಮೇಲೆ ಹಚ್ಚಿತ್ತು ಅಷ್ಟೆ, ಅದು ಹೋದಾಗ ಹಚ್ಚಿದ ಕಣ್ಣೂ ಹೋಯಿತು ಎಂದು ತೌಹೀದ್ ಹೇಳುತ್ತಿದ್ದ.

ಕೊನೆಯ ಫೋಟೊ ಚನ್ನೇಶನದು. ವಿಭೂತಿ, ಶಲ್ಯ, ಮುಚ್ಚಿದ ಕಣ್ಣು. ಅವತ್ತು ತಾನು ಮಾಡಲಾರದೆ ಹೋದ ಕೆಲಸ ಇವತ್ತು ತನ್ನ ಬೆರಳಿನಿಂದಲೇ ಆಗಿಹೋಯಿತು ಎಂದು ಮಾಲಿನಿಗೆ ಹೊಳೆಯಿತು. ದುಃಖ ಉಕ್ಕಿತು, ಅದರ ಹಿಂದೆಯೇ ಎಷ್ಟೋ ತಿಂಗಳಿನಿಂದ ಇಲ್ಲದ ಒಂದು ನಿರಾಳವೂ ಬಂತು. ಅವಳು ಸ್ಟೂಲು ಹತ್ತಿ, ಗೋಡೆಯ ಫ್ಲೆಕ್ಸಿನ ಆ ತೆರೆದ ಕಣ್ಣುಗಳ ಮೇಲೆ ಹಣೆಯಿಂದ ಕೆಳಕ್ಕೆ ಅಂಗೈ ಸವರಿದಳು. ಬಿಸಿಲಿಗೆ ಅದು ಬೆಚ್ಚಗಿತ್ತು. ಆಮೇಲೆ ಬಿಚ್ಚಿ, ಸುರುಳಿ ಸುತ್ತಿ ಕಂಕುಳಲ್ಲಿಟ್ಟುಕೊಂಡಳು.

ತೌಹೀದನನ್ನು ತುಮಕೂರಿನ ಬಸ್ಸು ಹತ್ತಿಸಿ, ಮನೆಗೆ ಹೊರಟಳು. ಈ ಸಲ ಸುತ್ತು ದಾರಿ ಹಿಡಿಯಲಿಲ್ಲ. ಸರ್ಕಲ್ಲಿನ ಫ್ಲೆಕ್ಸಿನಲ್ಲಿ ಮೇಷ್ಟ್ರು ಇನ್ನೂ ನೋಡುತ್ತಿದ್ದರು, ನೋಡಲಿ ಎಂದುಕೊಂಡಳು. ಬಿಸಿಲು ಮಳೆಗೆ ಆ ಬಣ್ಣ ಎಷ್ಟು ದಿನ ನಿಂತೀತು? ಬೇಕರಿಯ ಪಕ್ಕದ ಕಂಬದಲ್ಲಿ ಹೊಸ ಫ್ಲೆಕ್ಸೊಂದಿತ್ತು. ಚಿಕ್ಕಮಾರಮ್ಮ ಎಂಬ ಮುದುಕಿಯದು. ತಾನೇ ಹೋದ ವಾರ ಮಾಡಿಕೊಟ್ಟಿದ್ದು. ಅಲ್ಲಿ ಮಾಲಿನಿಯ ಕಾಲು ನಿಂತಿತು. ಸುಕ್ಕುಬಿದ್ದ ಆ ಮುಖದೊಳಗಿಂದ ತನ್ನದೇ ಕಣ್ಣು, ಮದುವೆಯಾದ ಹೊಸತರ ಕಣ್ಣು, ರೆಪ್ಪೆ ಬಡಿಯದೆ ಅವಳನ್ನು ನೋಡುತ್ತಿತ್ತು. ಮಾಲಿನಿಯೂ ನೋಡಿದಳು. ಮೊದಲು ಕಣ್ಣು ತಗ್ಗಿಸಿದವಳು ಮಾಲಿನಿಯೇ.