ಯಳಂದೂರಿನ ಬಸ್ಸು ಹತ್ತುತ್ತಿದ್ದ ಮಗಳು

ಶಂಕರಮ್ಮ ಸಾರಿಗೆ ಬಸ್ಸಿನ ಕಂಡಕ್ಟರ್. ಹದಿನಾಲ್ಕು ವರ್ಷದಿಂದ ಕೊಳ್ಳೇಗಾಲ–ಹನೂರು ರೂಟಿನಲ್ಲೇ ಇದ್ದಾಳೆ. ಯಾರು ಎಲ್ಲಿ ಹತ್ತಿದರು, ಎಲ್ಲಿ ಇಳಿಯಬೇಕು ಎಂಬುದನ್ನು ಮುಖ ನೋಡಿಯೇ ನೆನಪಿಟ್ಟುಕೊಳ್ಳುವವಳು. ಬೆಳಿಗ್ಗೆ ಐದಕ್ಕೆ ಎದ್ದು ಅಡುಗೆ ಮುಗಿಸಿ ಏಳಕ್ಕೆಲ್ಲ ಡಿಪೋದಲ್ಲಿರುತ್ತಾಳೆ. ಗಂಡ ಶಾಂತಮೂರ್ತಿ ಮಧುವನಹಳ್ಳಿಯಲ್ಲಿರುವ ಒಂದೂವರೆ ಎಕರೆಯಲ್ಲಿ ಅರಿಸಿನ, ಜೋಳ ಬೆಳೆಯುತ್ತಾನೆ. ಒಬ್ಬಳೇ ಮಗಳು ಭವ್ಯ ಕೊಳ್ಳೇಗಾಲದಲ್ಲಿ ಬಿ.ಎಸ್ಸಿ. ಕೊನೆಯ ವರ್ಷ ಓದುತ್ತಿದ್ದಳು.

ಪರೀಕ್ಷೆಯ ದಿನಗಳು. ಅವತ್ತೂ ಶಂಕರಮ್ಮ ಮಗಳ ಹಣೆಗೆ ವಿಭೂತಿ ಇಟ್ಟು ಕಳಿಸಿ ಡ್ಯೂಟಿಗೆ ಬಂದಿದ್ದಳು. ಮಧ್ಯಾಹ್ನದ ಟ್ರಿಪ್ಪಿನಲ್ಲಿ ಹನೂರಿನ ಹುಡುಗಿಯೊಬ್ಬಳು ಹತ್ತಿದಳು, ಭವ್ಯಳ ಕ್ಲಾಸಿನವಳು. ಫ್ರೀ ಟಿಕೆಟ್ಟಿಗೆ ಆಧಾರ್ ಕಾರ್ಡು ತೋರಿಸುತ್ತ ಕೇಳಿದಳು:

"ಆಂಟಿ, ಭವ್ಯಂಗೆ ಉಷಾರಿಲ್ವಾ? ಮೂರು ಪೇಪರ್ ಆಯ್ತು, ಒಂದಕ್ಕೂ ಬರ್ಲಿಲ್ಲ. ಫಾರಮ್ಮೇ ಕೊಟ್ಟಿಲ್ಲ ಅಂದ್ರು ಮೇಡಮ್ಮು."

ಮಷಿನ್ನಿನಿಂದ ಟಿಕೆಟ್ಟು ಹೊರಗೆ ಬಂತು. ಶಂಕರಮ್ಮ ಅದನ್ನು ಹರಿದು ಹುಡುಗಿಯ ಕೈಗಿಟ್ಟಳು. ಆಮೇಲೆ ಏನು ಮಾಡಿದಳೆಂಬುದು ಅವಳಿಗೇ ನೆನಪಿಲ್ಲ. ಕಾಮಗೆರೆಯಲ್ಲಿ ಇಳಿಯಬೇಕಿದ್ದ ಇಬ್ಬರು ಮುದುಕಿಯರಿಗೆ ವಿಷಲ್ ಊದಲೇ ಇಲ್ಲ. ಅವರು ಕೂಗಿಕೊಂಡ ಮೇಲೆ ಡ್ರೈವರ್ ಅರ್ಧ ಕಿಲೋಮೀಟರ್ ಆಚೆ ನಿಲ್ಲಿಸಿ, ತಿರುಗಿ ಅವಳ ಮುಖ ನೋಡಿದ.

ಸಂಜೆ ಭವ್ಯ ಎಂದಿನ ಹೊತ್ತಿಗೆ ಬ್ಯಾಗು ನೇತುಹಾಕಿಕೊಂಡು ಬಂದಳು. ಪೇಪರ್ ಹೇಗಿತ್ತು ಎಂದು ಕೇಳಿದ್ದಕ್ಕೆ ಈಸಿ ಇತ್ತು ಎಂದಳು. ಅವಳ ದನಿಯಲ್ಲಿ ಒಂದಿಷ್ಟೂ ಅಳುಕಿರಲಿಲ್ಲ. ಪರೀಕ್ಷೆ ಬರೆಯದಿದ್ದುದಕ್ಕಿಂತ ಹೆಚ್ಚಾಗಿ ಶಂಕರಮ್ಮನ ಎದೆಗೆ ಹೊಡೆದದ್ದು ಆ ದನಿ.

"ಇವತ್ತು ಬಸ್ಸಲ್ಲಿ ನಿನ್ನ ಕ್ಲಾಸಿನ ಉಡ್ಗಿ ಸಿಕ್ಕಿದ್ಲು ಕಣವ್ವಾ."

ಒಂದು ಕಾಲಿನ ಚಪ್ಪಲಿ ಬಿಟ್ಟಿದ್ದ ಭವ್ಯ ಇನ್ನೊಂದನ್ನು ಬಿಡದೆ ಹಾಗೇ ನಿಂತಳು.

ವಿಷಯ ಒಂದೊಂದಾಗಿ ಹೊರಗೆ ಬಂತು. ಅವಳು ಎರಡು ತಿಂಗಳಿಂದ ಕಾಲೇಜಿಗೇ ಹೋಗಿರಲಿಲ್ಲ. ಹನೂರು ದಾರಿಯಲ್ಲಿ ಅಮ್ಮನ ಬಸ್ಸು ಓಡಾಡುತ್ತದೆಂದು, ದಿನವೂ ಕೊಳ್ಳೇಗಾಲದಲ್ಲಿ ಯಳಂದೂರಿನ ಬಸ್ಸು ಹತ್ತುತ್ತಿದ್ದಳು. ಅಲ್ಲಿನ ಗೌರೀಶ್ವರ ದೇವಸ್ಥಾನದ ಜಗುಲಿಯಲ್ಲಿ ಪುಸ್ತಕ ತೆರೆದುಕೊಂಡು ಕೂತಿದ್ದು, ಕಾಲೇಜು ಬಿಡುವ ಹೊತ್ತಿಗೆ ವಾಪಸು ಹೊರಡುತ್ತಿದ್ದಳು.

ಶಾಂತಮೂರ್ತಿ ಕೇಳಿದ್ದು ಒಂದೇ ಮಾತು, ಅವನು ಯಾರು ಎಂದು. ಕೇಳಿದವನೇ ಬ್ಯಾಗು ಕಿತ್ತುಕೊಂಡು ಚಾಪೆಯ ಮೇಲೆ ಸುರಿದ. ಯಾರ ಕಾಗದವೂ, ಫೋಟೋವೂ ಇರಲಿಲ್ಲ. ಪರೀಕ್ಷೆಯ ಫಾರಂ ಇತ್ತು. ಹೆಸರು ತುಂಬಿ ಫೋಟೋ ಅಂಟಿಸಿತ್ತು, ಉಳಿದದ್ದೆಲ್ಲ ಖಾಲಿ. ಜೊತೆಗೊಂದು ಇನ್ನೂರು ಪುಟದ ನೋಟ್‌ಬುಕ್. ಶಂಕರಮ್ಮ ಅದನ್ನು ತೆರೆದಳು. ಮೊದಲ ಪುಟದಲ್ಲಿ ಟೈಂಟೇಬಲ್, ಐದಕ್ಕೆ ಏಳುವುದು, ಐದೂವರೆಗೆ ಕೆಮಿಸ್ಟ್ರಿ. ಮುಂದಿನ ಪುಟದಲ್ಲೂ ಟೈಂಟೇಬಲ್. ಅದರ ಮುಂದೆಯೂ. ಸ್ಕೇಲಿಟ್ಟು ಗೆರೆ ಎಳೆದು, ಬಣ್ಣದ ಪೆನ್ನಿನಲ್ಲಿ ಬರೆದದ್ದು. ಕೆಲವು ಪುಟಗಳ ಕೆಳಗೆ 'ನಾಳೆಯಿಂದ ಖಂಡಿತ' ಎಂದಿತ್ತು. ಪಾಠದ ಒಂದು ಸಾಲೂ ಎಲ್ಲೂ ಇರಲಿಲ್ಲ.

ಮಗಳು ಸೋಮಾರಿ ಎಂದು ಶಂಕರಮ್ಮ ಹತ್ತು ವರ್ಷದಿಂದ ಬೈಯುತ್ತ ಬಂದಿದ್ದಳು. ಸೋಮಾರಿಯಾದವಳು ಇಷ್ಟು ಸಲ ಗೆರೆ ಎಳೆಯುತ್ತಾಳೆಯೇ?

"ಶುರು ಮಾಡಕ್ಕೇ ಆಗಲ್ಲ ಕಣಮ್ಮ," ಎಂದಳು ಭವ್ಯ. "ಪುಸ್ತಕ ಮುಂದೆ ಇಟ್ಕಂಡು ಕೂತ್ಕತೀನಿ. ಮಾಡ್ಬೇಕು ಅಂತ ಗೊತ್ತು. ಕೈ ಏಳಲ್ಲ. ಅಷ್ಟರಲ್ಲಿ ಸಾಯಂಕಾಲ ಆಗೋಗಿರ್ತದೆ."

ಮರುವಾರ ಶಂಕರಮ್ಮ ರಜೆ ಹಾಕಿ ಮಗಳನ್ನು ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಮಂಗಳವಾರ ಅಲ್ಲಿಗೆ ಮನೋವೈದ್ಯೆಯೊಬ್ಬರು ಬರುತ್ತಿದ್ದರು. ಅವರು ಬಾಲ್ಯದಿಂದ ಹಿಡಿದು ವಿಚಾರಿಸಿದರು. ಶಾಲೆಯಲ್ಲಿ ವಸ್ತು ಕಳೆದುಕೊಳ್ಳುತ್ತಿದ್ದಳೇ, ಹೇಳಿದ ಮೂರು ಕೆಲಸದಲ್ಲಿ ಎರಡನ್ನು ಮರೆಯುತ್ತಿದ್ದಳೇ, ಹಿಡಿದ ಕೆಲಸ ಅರ್ಧಕ್ಕೆ ಬಿಡುತ್ತಿದ್ದಳೇ? ಎಲ್ಲದಕ್ಕೂ ಹೌದೆನ್ನಬೇಕಾಯಿತು. ಕೊನೆಗೆ ಅವರು ಭವ್ಯಳತ್ತ ತಿರುಗಿ, ಬದುಕಿರುವುದೇ ಬೇಡ ಅನ್ನಿಸಿದ್ದುಂಟಾ ಎಂದು ಕೇಳಿದರು.

ಭವ್ಯ ತಲೆ ಎತ್ತದೆ "ಹೂಂ" ಎಂದಳು.

ಎರಡು ತಿಂಗಳೂ ಈ ಹುಡುಗಿ ಶಂಕರಮ್ಮ ಕಟ್ಟಿಕೊಟ್ಟ ಡಬ್ಬಿಯ ಊಟ ಉಂಡು, ಅವಳ ಪಕ್ಕದಲ್ಲೇ ಮಲಗುತ್ತಿದ್ದಳು.

ವೈದ್ಯೆ ಬಿಡಿಸಿ ಹೇಳಿದರು. ಕೆಲಸ ಶುರು ಮಾಡುವುದು, ಯಾವುದು ಮೊದಲು ಯಾವುದು ಆಮೇಲೆ ಎಂದು ಹೊಂದಿಸುವುದು, ಮನಸ್ಸನ್ನು ಹಿಡಿದು ಕೂರಿಸುವುದು ಇವೂ ಮಿದುಳಿನ ಕೆಲಸಗಳೇ. ಆ ಭಾಗ ಬಲಿಯುವುದು ನಿಧಾನ, ಇಪ್ಪತ್ತು ದಾಟಿದ ಮೇಲೂ ಬಲಿಯುತ್ತಲೇ ಇರುತ್ತದೆ. ಕೆಲವು ಮಕ್ಕಳಲ್ಲಿ ಹುಟ್ಟಿನಿಂದಲೇ ಅದು ಅಷ್ಟು ಗಟ್ಟಿಯಿರುವುದಿಲ್ಲ. ಆಗದ್ದಕ್ಕೆ ಬೈಸಿಕೊಂಡು ಬೈಸಿಕೊಂಡು ಮನಸ್ಸು ಕುಸಿಯುತ್ತದೆ. ಮನಸ್ಸು ಕುಸಿದರೆ ಆಗುತ್ತಿದ್ದ ಸ್ವಲ್ಪವೂ ಆಗದಂತಾಗುತ್ತದೆ. ಇದಕ್ಕೆ ಚಿಕಿತ್ಸೆ ಇದೆ ಎಂದರು. ಆಮೇಲೆ, ಮನೆತನದಲ್ಲಿ ಬೇರೆ ಯಾರಾದರೂ ಹೀಗಿದ್ದರಾ ಎಂದು ಕೇಳಿದರು.

ಮುಳ್ಳೂರಿನಲ್ಲಿ ಶಂಕರಮ್ಮನ ತಮ್ಮ ಶಿವರುದ್ರಸ್ವಾಮಿ ಇದ್ದಾನೆ, ವಯಸ್ಸು ನಲವತ್ತೊಂದು. ಎಂಟನೇ ಕ್ಲಾಸಿಗೆ ಓದು ಬಿಟ್ಟವನು, ಹಿಡಿದ ಯಾವ ಕೆಲಸದಲ್ಲೂ ಆರು ತಿಂಗಳು ನಿಂತವನಲ್ಲ. ಕೆಲಸಕ್ಕೆ ಬಾರದವನೆಂದು ಊರಿನವರು ಹೇಳುವ ಮೊದಲೇ ಹೇಳಿದವಳು ಅವಳು. ಮಗಳಿಗೆ ಬೈಯುವಾಗಲೂ ಅವನ ಹೆಸರನ್ನೇ ಎತ್ತುತ್ತಿದ್ದಳು.

ಮಾತ್ರೆ ಶುರುವಾಯಿತು. ವಾರಕ್ಕೊಮ್ಮೆ ವೈದ್ಯೆಯೊಡನೆ ಮಾತುಕತೆ. ದೊಡ್ಡ ಟೈಂಟೇಬಲ್ ಬರೆಯಕೂಡದು, ಒಂದು ಸಲಕ್ಕೆ ಒಂದೇ ಕೆಲಸ, ಹತ್ತೇ ನಿಮಿಷ, ಪಕ್ಕದಲ್ಲಿ ಒಬ್ಬರು ಸುಮ್ಮನೆ ಕೂತಿರಬೇಕು ಎಂದಿದ್ದರು. ಆ ಕೆಲಸವನ್ನು ಶಾಂತಮೂರ್ತಿ ವಹಿಸಿಕೊಂಡ. ಹೊಲದಿಂದ ಬಂದವನು ಕೈಕಾಲು ತೊಳೆದು ಮಗಳ ಪಕ್ಕದಲ್ಲಿ ಗೋಡೆಗೊರಗಿ ಕೂರುತ್ತಿದ್ದ. ಮೊದಲ ತಿಂಗಳು ಏನೂ ಆಗಲಿಲ್ಲ. ಎರಡನೆಯ ತಿಂಗಳಲ್ಲಿ ಒಂದು ದಿನ ಅವಳು ತಾನಾಗಿ ಒಂದು ಪಾಠ ಮುಗಿಸಿದಳು. ಮುಂದಿನ ವರ್ಷ ಪರೀಕ್ಷೆಗೆ ಕೂತಳು. ಎರಡು ಪೇಪರ್ ಉಳಿದವು, ಮಿಕ್ಕವು ಪಾಸಾದವು.

ಈ ನಡುವೆ ಒಂದು ಭಾನುವಾರ ಶಂಕರಮ್ಮ ಮುಳ್ಳೂರಿಗೆ ಹೋದಳು. ತಮ್ಮ ಯಾರದೋ ತೋಟದಲ್ಲಿ ನೀರು ಕಟ್ಟುತ್ತಿದ್ದ. ಬದುವಿನ ಮೇಲೆ ಕೂತು, ಡಾಕ್ಟರು ಹೇಳಿದ್ದನ್ನೆಲ್ಲ ಅವನಿಗೆ ಹೇಳಿದಳು. ಅವನು ಗುದ್ದಲಿ ಊರಿಕೊಂಡು ಕೇಳಿಸಿಕೊಂಡ.

"ಅಂಗಾದ್ರೆ ನಾನು ಬೇಕಂತ ಮಾಡ್ತಿರ್ಲಿಲ್ಲ ಅಂತ ಈಗ್ಲಾದ್ರೂ ಗೊತ್ತಾಯ್ತಾ ಅಕ್ಕಾ?"

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಕಾಲುವೆಯ ನೀರು ಬದು ಒಡೆದು ಪಕ್ಕದ ಮಡಿಗೆ ಹರಿಯತೊಡಗಿದ್ದರೂ ಅವನು ಅತ್ತ ನೋಡಲಿಲ್ಲ. ಆ ಡಾಕ್ಟರಮ್ಮ ನಲವತ್ತು ದಾಟಿದವರನ್ನೂ ನೋಡುತ್ತಾರಾ ಎಂದು ಕೇಳಿದ.

ಮಂಗಳವಾರ ಬರುವಂತೆ ಹೇಳಿ ಅವಳು ಎದ್ದಳು.